ಶಾಖ ಕೊಡದ ಮಂಡಿ

೮ ಡಿಸೆಂಬರ್ ೨೦೦೮, ಸೋಮವಾರ
ಬೆಳಿಗ್ಗೆ ಪಾಳ್ಯದಲ್ಲಿ ಮತ್ತೆ ಐದು ಮನೆ. ಮಂಡಿ ಒರೆಸು, ಜೆಲ್ ಹಚ್ಚು, ನೋವು ಎಷ್ಟು ಅಂತ ಕೇಳು, ಬರಿ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಈ ಕೆಲಸ ಕೊಟ್ಟವರು ಫಾರ್ಮಸಿ ಕಾಲೇಜಿನ ತನುಜಾ ಮೇಡಂ. ಜೆಲ್ ಅವರದೇ ಸಂಶೋಧನೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಿವೆಯಂತೆ ಅದರಲ್ಲಿ. ಊದಿದ ಕೀಲು ಬಿಸಿ ಇರುತ್ತದೆ. ಆ ಬಿಸಿಗೆ ಉಂಡೆ ಕುಗ್ಗಿ ಔಷಧ ಬಿಡುತ್ತದೆ. ಚರ್ಮದೊಳಗೆ ಸ್ವಲ್ಪ ಸ್ವಲ್ಪವೇ ಇಳಿಯಬೇಕು.
ನಮ್ಮ ಮನೆಯ ಭದ್ರಮ್ಮಜ್ಜಿಯೂ ಐವರಲ್ಲಿ ಒಬ್ಬಳು. ಹೋದ ವರ್ಷ ಕಾಫಿ ಕೊಯ್ಲಿಗೆ ಹೋಗಲಾಗಲಿಲ್ಲ. ಈ ಸಲ ತೋಟದ ಜೀಪು ಹತ್ತಿಯೇ ಹತ್ತುತ್ತಾಳಂತೆ.

೧೩ ಡಿಸೆಂಬರ್, ಶನಿವಾರ
ಐವರಿಗೂ ನೋವು ಹಗುರ. ಅಜ್ಜಿ ಹಿತ್ತಲ ದಿಬ್ಬ ಹತ್ತಿ ಬಂದಳು. ಮೇಡಂಗೆ ಖುಷಿ. "ಲ್ಯಾಬಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ ಸಿದ್ದು."
ನನಗೇಕೋ... ಇಷ್ಟು ಬೇಗ?

೧೫ ಡಿಸೆಂಬರ್, ಸಂಜೆ
ಅಜ್ಜಿ ಒಲೆ ಮುಂದೆ. ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮಂಡಿಗೆ ಒತ್ತುತ್ತಿದ್ದಳು. ಜೆಲ್ ಮೇಲೆಯೇ. ಚರ್ಮ ಕೆಂಪಾಗಿ ಗುಳ್ಳೆ ಎದ್ದಿದೆ.
"ಇದೇನಜ್ಜಿ?"
"ಶಾಖ ಕೊಡ್ದೆ ಯಾವ ಮುಲಾಮು ಇಳೀತೈತೋ? ಐದೂ ಜನ ಕೊಟ್ಕತೀವಿ."
ಅಂದರೆ ಉಪ್ಪಿನ ಬಿಸಿಗೆ ಉಂಡೆಗಳೆಲ್ಲ ಕುಗ್ಗಿ ಔಷಧ ಒಂದೇ ಸಲಕ್ಕೆ ನುಗ್ಗಿದೆ. ನೋವು ಇಳಿಸಿದ್ದು ಜೆಲ್ಲೋ ಉಪ್ಪೋ, ಯಾರಿಗೆ ಗೊತ್ತು.
"ಮೇಡಂಗೆ ಹೇಳ್ತೀನಿ."
"ಹೇಳ್ಬುಟ್ರೆ ನಿಲ್ಲಿಸ್ತಾರೆ ಕಣೋ. ಕೊಯ್ಲು ಮುಗೀಲಿ. ಆಮೇಲೆ ತಮಟೆ ಹೊಡ್ಕಂಡು ಹೇಳು."

೧೬ ಡಿಸೆಂಬರ್
ಬೂತಿನಿಂದ ಫೋನ್ ಮಾಡಿ ಹೇಳಿದೆ. ಮೇಡಂ ಗುಳ್ಳೆ ಬಗ್ಗೆ ಎರಡೆರಡು ಸಲ ಕೇಳಿದರು. ಆಮೇಲೆ — "ಎಲ್ಲರದೂ ನಿಲ್ಸು. ಗುಳ್ಳೆ ಮಾಯಲಿ. ಮತ್ತೆ ಮೊದಲಿಂದ." ಶಾಖ ಕೊಡಬೇಡಿ ಅಂತ ಹೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲವಂತೆ.
ಅಜ್ಜಿ ಊಟ ಬಡಿಸಿದಳು. ಮುಖ ನೋಡಲಿಲ್ಲ.

೫ ಜನವರಿ ೨೦೦೯, ಸೋಮವಾರ
ಗುಳ್ಳೆ ಮಾಯ್ದಿದೆ. ಕೊಯ್ಲಿನ ಜೀಪು ದಿನಾ ಹೋಗುತ್ತದೆ, ಅಜ್ಜಿ ಜಗಲಿಯಲ್ಲೇ. ಮೇಡಂ ಹೊಸ ಡಬ್ಬಿ ಕಳಿಸಿದ್ದಾರೆ. ಉಳಿದ ನಾಲ್ವರು ಒಪ್ಪಿದರು. ಅಜ್ಜಿ ಮುಂದೆ ಹೋಗಿ ಕೂತೆ. ಒಪ್ಪುವ ತನಕ ಏಳಬಾರದು ಅಂತಲೇ.
"ಶಾಖ ಇಲ್ದೆ ವಾಸಿ ಆಗ್ದಿದ್ರೆ?"
"ಆಗಲಿಲ್ಲ ಅಂತ ಬರೀತೀನಿ."
"ನಿಂಗೆ ಅದೊಂದೇ ಗೊತ್ತಿರೋದು."
ಕಾಲು ಚಾಚಿದಳು.

೧೨ ಜನವರಿ, ಬೆಳಿಗ್ಗೆ
ಉಪ್ಪಿನ ಬಾಣಲೆ ಅಟ್ಟ ಸೇರಿದೆ. ನೋವು ಕೇಳಿದೆ. "ಐತೆ. ಆದ್ರೆ ಕಮ್ಮಿ." ಹಾಗೇ ಬರೆದೆ.
ರಸ್ತೆಯಲ್ಲಿ ಜೀಪಿನ ಹಾರನ್. ಅಜ್ಜಿ ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡಳು. ಕೈ ಹಿಡಿಯಲು ಹೋದೆ — ತಳ್ಳಿದಳು.
"ಕೂತ್ಕಂಡು ಬರಿ. ಇಳಿದ್ರೆ ಇಳಿದ್ಲು ಅನ್ನು, ಬಿದ್ರೆ ಬಿದ್ಲು ಅನ್ನು."
ಜಗಲಿ ಮೆಟ್ಟಿಲು. ಒಂದು ಇಳಿದಳು. ನಿಂತಿದ್ದಾಳೆ. ಇನ್ನೊಂದಕ್ಕೆ ಕಾಲು —