ಅಪ್ಪ ಅಕ್ಷರ ತಿದ್ದಿದ ಗೋಡೆ

ಸೋಮವಾರ, ಹದಿನಾರನೇ ತಾರೀಕು
ಕಚೇರಿಯಿಂದ, ಊಟದ ಬಿಡುವಿನಲ್ಲಿ

ನನ್ನ ಮುಂಗೋಪಿ ಅಕ್ಕನಿಗೆ,

ಫೋನ್ ಮಾಡಿದರೆ ಹಲೋ ಅನ್ನುವ ಮೊದಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹರಿದುಹಾಕುವ ಮುಂಚೆ ಒಮ್ಮೆ ಓದು, ನಿನ್ನ ದಮ್ಮಯ್ಯ.

ನೆನಪಿದೆಯಾ, ಎಲ್ಲೆಲ್ಲಿಂದಲೋ ಬಂದು ನೆಲೆಸಿದ ದರ್ಜಿ, ಬೇಕರಿಯವನು, ಔಷಧಿ ಅಂಗಡಿಯಾಕೆ ಬೋರ್ಡು ಬರೆಸಲು ಅಪ್ಪನ ಹತ್ತಿರವೇ ಬರುತ್ತಿದ್ದರು. ತಂತಮ್ಮ ಲಿಪಿಯಲ್ಲಿ ಹೆಸರು ಬರೆದುಕೊಟ್ಟರೆ, ಅದನ್ನು ಓದಲು ಬಾರದ ಅಪ್ಪ ಮೊದಲು ನಮ್ಮ ಅಂಗಡಿಯ ಹೊರಗೋಡೆಯ ಮೇಲೆ ತಿದ್ದಿ ನೋಡುತ್ತಿದ್ದರು. ಅಕ್ಷರದ ಬಾಲ ಸೊಟ್ಟಗಾಗಿದೆ ಅಂತ ಬೇಕರಿಯವನು ನಕ್ಕರೆ ಇನ್ನೊಮ್ಮೆ. ನಲವತ್ತು ವರ್ಷದಲ್ಲಿ ಹನ್ನೊಂದು ಲಿಪಿ! ನಮಗೆ ಮಾತ್ರ ಅದು ಬರೀ ಗೀಚಾಟ.

ಸಾಫ್ಟ್‌ವೇರ್ ಕಂಪನಿಯ ಹೊಸ ಕಟ್ಟಡಕ್ಕೆ ನಮ್ಮ ಅಂಗಡಿ ಸಾಲೆಲ್ಲ ಹೋಗುತ್ತದೆ, ನಮ್ಮ ಕಚೇರಿಯ ಪಾರಂಪರಿಕ ಪಟ್ಟಿಗೆ ಸೇರಿದ್ದಷ್ಟೇ ಉಳಿಯುತ್ತದೆ ಅಂತ ಗೊತ್ತಾದಾಗ ನಾನೇ ಓಡಿ ಬಂದೆ. ನಾಳೆ ತಪಾಸಣೆಗೆ ಬರ್ತಾರೆ, ಅಂಗಡಿ ಸ್ವಲ್ಪ ಚೊಕ್ಕವಾಗಿಡು ಅಂದೆ. ತಪಾಸಣೆಯ ದಿನ ಮೊದಲೇ ತಿಳಿಸಿದರೆ ಕೆಲಸಕ್ಕೇ ಸಂಚಕಾರ. ಆದರೂ ತಿಳಿಸಿದೆ. ಪಟ್ಟಿಗೆ ಸೇರಿಸಬಲ್ಲದ್ದು ಆ ಗೋಡೆಯೇ, ಅದನ್ನು ಮುಟ್ಟಬೇಡ ಅನ್ನಲಿಲ್ಲ ನೋಡು, ಅಲ್ಲೇ ಎಡವಿದ್ದು.

ಬೆಳಿಗ್ಗೆ ಸಾಹೇಬರ ಹಿಂದೆ ಫೈಲು ಹಿಡಿದು ಬಂದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ನೀನು ಬಣ್ಣ ಮೆತ್ತಿದ ಕೈಯಲ್ಲೇ ನಗುತ್ತಾ ನಿಂತಿದ್ದೆ, ಹೇಗಿದೆ ಅನ್ನುವ ಹಾಗೆ. ಸಾಹೇಬರು ಸುತ್ತಲೂ ನೋಡಿ, ಇಲ್ಲಿ ಹಳೇದು ಏನೂ ಇಲ್ವಲ್ಲ, ಬರ್ಕೊಳ್ಳಿ ಅಂದರು. ಬರೆದವಳು ನಾನೇ ಕಣೇ. ಅಯ್ಯೋ, ಆ ಪೆನ್ನಾದರೂ ಕೈಕೊಡಬಾರದಿತ್ತೇ!

ಹಳೇ ಫೋಟೊ ಇದ್ದರೆ ಹದಿನೈದು ದಿನದೊಳಗೆ ಮೇಲ್ಮನವಿ ಹಾಕಬಹುದು ಅಂದೆ. ನೀನು ಟ್ರಂಕು, ಬೀರು ಜಾಲಾಡಿದೆ. ಬೇಕರಿಯವನ ಮದುವೆ ಆಲ್ಬಮ್ಮನ್ನೂ ಬಿಡಲಿಲ್ಲ. ಹಾಳಾದವರು, ಎಲ್ಲ ಗೋಡೆಗೆ ಅಡ್ಡ ನಿಂತವರೇ! ಮೊನ್ನೆ ಶನಿವಾರ ಗಡುವು ಮುಗಿಯಿತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ನಿನ್ನ ಮುಖ ನೋಡುವ ಧೈರ್ಯವೂ ಇಲ್ಲ.

ಇಂತು, ನೀನೇ ಹೆಸರಿಟ್ಟ
ಪುಕ್ಕಲಿ

ತಾ.ಕ.: ಫೋಟೊ ಇತ್ತು. ನಿನಗೆ ಹೇಳಲು ಬಂದ ಆ ಸಂಜೆ ನಾನೇ ತೆಗೆದದ್ದು. ಹನ್ನೊಂದೂ ಲಿಪಿ ಸ್ಪಷ್ಟವಾಗಿವೆ. ಮೂಲೆಯಲ್ಲಿ ತಪಾಸಣೆಯ ಹಿಂದಿನ ದಿನದ ತಾರೀಕು, ಕಿಟಕಿಯ ಗಾಜಿನಲ್ಲಿ ಕಚೇರಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ನಾನು. ಕೊಟ್ಟಿದ್ದರೆ ಸಿಕ್ಕಿಬೀಳುತ್ತಿದ್ದೆ. ಹದಿನೈದು ದಿನವೂ ಅದು ನನ್ನ ಫೋನಿನಲ್ಲೇ ಇತ್ತು, ಅಕ್ಕಾ. ಪ್ರಿಂಟ್ ಹಾಕಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಕಾಗದ ಹರಿದುಹಾಕು, ಅದನ್ನಾದರೂ ಇಟ್ಟುಕೋ.