ಹದಿನೇಳನೆಯ ಬಡಿತ

14 ಫೆಬ್ರವರಿ 1971, ಭಾನುವಾರ. ಹುಣಸೂರು

ಅಪ್ಪನ ಗಡಿಯಾರಕ್ಕೆ ಕೀಲಿ ಕೊಟ್ಟೆ. ರಿಜಿಸ್ಟರಿಗೆ ಗೆರೆ ಎಳೆದೆ. ಮುಂದಿನ ಭಾನುವಾರ ಕುದುರೆ ಸವಾರಿ — ಕೆ.ಆರ್. ನಗರದಿಂದ ನಮ್ಮೂರಿಗೆ, ಇಲ್ಲಿಂದ ಎಚ್.ಡಿ. ಕೋಟೆಗೆ. ಹೋದ ವರ್ಷ ಇಲ್ಲಿಗೇ ಮುಗಿದಿತ್ತು. ಈ ಸಲ ನಲವತ್ತು ಮೈಲಿ. ಸವಾರಿ ನಡೆಸುವ, ಕುದುರೆ ಪಡೆಯಿಂದ ರಿಟೈರಾದ ರಿಸಾಲ್ದಾರ್ ಸಿದ್ದಮಲ್ಲಪ್ಪನವರ ಹಟ. “ಸುಲಭ ಆದ್ರೆ ಅದು ಮೆರವಣಿಗೆ ಕಣಮ್ಮ!”

ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಈಗ ಬೆರಳು ನಡುಗುತ್ತವೆ. ಇಲ್ಲಿ ನಿಲ್ಲುವ ಕುದುರೆಗಳ ಎದೆಬಡಿತ ನಾನು ಎಣಿಸಬೇಕು, ಅವರು ಸಹಿ ಹಾಕುತ್ತಾರೆ. ಎಡ ಮುಂಗಾಲಿನ ಹಿಂದೆ ಅಂಗೈ ಇಟ್ಟು ಹದಿನೈದು ಸೆಕೆಂಡ್. ಹದಿನಾರರವರೆಗೆ ಬಿಡಬಹುದು. ಒಂದು ಹೆಚ್ಚಾದರೂ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಎಣಿಸಬೇಕು. ಬಿ.ಎ.ಯಲ್ಲಿ ಛಂದಸ್ಸಿನ ಮಾತ್ರೆ ಎಣಿಸಿದ್ದು ಉಪಯೋಗಕ್ಕೆ ಬಂತು ಅಂತ ಅಪ್ಪನ ತಮಾಷೆ.

21 ಫೆಬ್ರವರಿ, ಸಂಜೆ 6

ಕೆಂಪಯ್ಯನ ಸರಸಿ ಮೂರನೆಯದಾಗಿ ಬಂತು. ಜಟಕಾ ಎಳೆಯುವ ಹೆಣ್ಣು ಕುದುರೆ. ಮಿಕ್ಕವೆಲ್ಲ ಸಾಹುಕಾರರ ಕುದುರೆ.

“ಏನ್ಲಾ ಕೆಂಪಯ್ಯ, ಗಾಡಿ ಎಲ್ಲಿ ಬುಟ್ಬುಟ್ಟು ಬಂದೆ?”

ಜನ ನಕ್ಕರು. ಅವನು ನಗಲಿಲ್ಲ. “ಬೇಗ ನೋಡಿ ಅಕ್ಕಾವ್ರೆ. ಇವ್ರ ಮುಂದೇನೇ ಓಗ್ಬೇಕು ನಾನು.”

ಎಣಿಸಿದೆ. ಹದಿನೇಳು. ತೊಡೆ ಸಣ್ಣಗೆ ಅದುರುತ್ತಿತ್ತು, ಅದನ್ನೂ ಕಂಡೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ನಿಲ್ಲು’ ಅನ್ನಬೇಕಿತ್ತು... ಬಾಯಿ ಬರಲಿಲ್ಲ. ಹದಿನಾರು ಅಂತ ಬರೆದೆ.

ಐದು ಗಂಟೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಕೋಟೆ ದಾರಿಯಲ್ಲಿ ಗದ್ದಿಗೆ ಊರು ದಾಟಿದ ಮೇಲೆ ಸರಸಿ ಬಿತ್ತಂತೆ. ಏಳಲಿಲ್ಲವಂತೆ.

24 ಫೆಬ್ರವರಿ

ಮುದ್ದೆ ಕಟ್ಟುವಾಗ ಕೈ ಹಿಂದಕ್ಕೆಳೆದುಕೊಂಡೆ. ಅದೇ ಬಿಸಿ, ಅದೇ ಒದ್ದೆ. ಒಳಗೆ ಏನೋ ಬಡಿಯುತ್ತಿತ್ತು.

“ಸುಟ್ಕೊಂಡ್ಯಾ?” ಅಂದರು ಅಪ್ಪ.

ಹೂಂ ಅಂದೆ.

2 ಮಾರ್ಚ್

ಸಿದ್ದಮಲ್ಲಪ್ಪನವರು ಬಂದಿದ್ದರು. ದಾರಿ ಕಡಿಮೆ ಮಾಡಿ ಅಂತ ಕೆಲವರ ಒತ್ತಾಯವಂತೆ. ಇವರು ಒಪ್ಪುತ್ತಿಲ್ಲ. “ಕಷ್ಟ ಇರ್ಲೇಬೇಕು. ಕುದುರೆ ಸಾಕು ಅಂದಾಗ ಸಾಕು ಅನ್ನೋರೂ ಇರ್ಬೇಕು. ಇಲ್ಲಿ ಹದಿನಾರಿತ್ತು. ಆಮೇಲೆ ಸತ್ತಿದೆ ಅಂದ್ರೆ ಅವನೇ ಹೊಡೆದು ಓಡಿಸಿದಾನೆ. ಇನ್ಮೇಲೆ ಅವನಿಗೆ ಸವಾರಿ ಇಲ್ಲ, ಜಟಕಾದೋರು ಯಾರಿಗೂ ಇಲ್ಲ.”

ರಿಜಿಸ್ಟರ್ ತಿರುಗಿಸಿ ನೋಡಿದರು. “ಅಕ್ಷರ ಮುತ್ತು ಕಣಮ್ಮ.”

5 ಮಾರ್ಚ್, ಬೆಳಿಗ್ಗೆ 10

ಬಾವಿಕಟ್ಟೆ ಹತ್ತಿರ ಕೆಂಪಯ್ಯ. ಗಡ್ಡ ಬಿಟ್ಟಿದ್ದಾನೆ. ಹೆಗಲ ಮೇಲೆ ಬರೀ ಲಗಾಮು.

“ಚಾಟಿ ಮುಟ್ಟಿಲ್ಲ ಅಕ್ಕಾವ್ರೆ. ನನ್ ಮಕ್ಕಳಾಣೆ. ಗದ್ದಿಗೆ ತಾವ ಎರಡ್ ಸಲ ನಿಂತ್ಕತು. ತಿರುಗಿ ನನ್ ಮಕ ನೋಡ್ತು. ನೀವು ಸರಿಯಾಗೈತೆ ಅಂದಿದ್ರಲ್ಲ... ಸುಮ್ಕೆ ಆಟ ಕಟ್ತದೆ ಅನ್ಕೊಂಡು ಕಾಲ್ ಇಮ್ಮಡಿಲಿ ಒತ್ತಿದೆ. ನಾನೇ ಕೊಂದ್ನಾ, ಯೋಳಿ?”

ಕೊಡ ತುಂಬಿ ಚೆಲ್ಲುತ್ತಿತ್ತು. ಮತ್ತೆ ಹಗ್ಗ ಬಾವಿಗೆ ಇಳಿಬಿಟ್ಟೆ. ಅವನು ಹೊರಟುಹೋದ.

6 ಮಾರ್ಚ್

ಅಪ್ಪನಿಗೆ ಹೇಳಿದೆ. ಗಡಿಯಾರ ತೆಗೆದು ಒರೆಸತೊಡಗಿದರು.

“ಸಹಿ ನಂದು. ಮೂವತ್ತು ವರ್ಷದ ಸಹಿ. ಸುಮ್ಮನಿರು.”

ಆಮೇಲೆ ಗೋಡೆ ಕಡೆ ತಿರುಗಿ — “ತೊಡೆ ಅದುರ್ತಿತ್ತಾ?”

ಹೂಂ ಅಂದೆ. ಊಟ ಮಾಡಲಿಲ್ಲ ಅವರು.

7 ಮಾರ್ಚ್, ಭಾನುವಾರ, ಮಧ್ಯಾಹ್ನ 3

ಸ್ಕೂಲಲ್ಲಿ ಎಲೆಕ್ಷನ್ ಕೆಲಸ. ಅದಕ್ಕೇ ಕೆಂಪಯ್ಯನ ವಿಚಾರದ ಮೀಟಿಂಗ್ ನಮ್ಮ ಜಗಲಿಯಲ್ಲೇ. ಕಿಟಕಿಯಿಂದ ಕಾಣುತ್ತದೆ — ಎಲ್ಲರೂ ಕೂತಿದ್ದಾರೆ, ಕೆಂಪಯ್ಯ ಮಾತ್ರ ಕಂಬದ ಹತ್ತಿರ ನಿಂತಿದ್ದಾನೆ. ಲಗಾಮು ಇನ್ನೂ ಹೆಗಲ ಮೇಲೆ.

“ಒಪ್ಕೊಂಡ್ಬುಡ್ಲಾ, ಮುಗೀತದೆ” ಅನ್ನುತ್ತಿದ್ದಾರೆ ಯಾರೋ.

“ಒಪ್ಕತೀನಿ ಸ್ವಾಮಿ. ನಾನೇ ಕೊಂದೆ.”

ಹದಿನಾರು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆದಿದ್ದೇನೆ. ಕೆಳಗೆ ನನ್ನ ಹೆಸರು. ಮಸಿ ಆರಿಲ್ಲ. ಅಂಗೈ ಬಡಿಯುತ್ತಲೇ ಇದೆ.

ಅಪ್ಪ ಕೂಗಿದರು — “ರಿಜಿಸ್ಟರ್ ತಗೊಂಡು ಬಾಮ್ಮ. ನೀನೇ ಬಾ.”

ಇಷ್ಟು ಜನದ ಮುಂದೆ ಎಂದೂ ಮಾತಾಡಿದವಳಲ್ಲ. ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ. ಕೆಂಪಯ್ಯ, ಅವತ್ತು ನಾನು ಎಣಿಸಿದ್ದು