ನೆಲ ಅದುರಿಸಿದ್ದು ಯಾರು

ಅಜ್ಜೀ, ಸೋತೆ ಅಂತ ಒಪ್ಪಿಕೊಳ್ಳೋಕೇ ಈ ಕಾರ್ಡು.

ಇಲ್ಲಿನ ಅಗ್ನಿಶಾಮಕ ಠಾಣೆಯಲ್ಲಿ ಭೂಕಂಪ ದಾಖಲಿಸುವ ಯಂತ್ರ ಇದೆ. ಅದರಡಿಯ ಮಣ್ಣು ಎಷ್ಟು ಗಟ್ಟಿ ಅಂತ ನಾವು ಅಳೀಬೇಕು. ನೆಲಕ್ಕಿಟ್ಟ ಒಂದು ಹಲಗೆ ಜಾರದಿರಲಿ ಅಂತ ಅದರ ಮೇಲೆ ಫೈರ್ ಇಂಜಿನ್ನನ್ನೇ ಹತ್ತಿಸಿ ನಿಲ್ಲಿಸಿದ್ದಾರೆ! ಆ ಹಲಗೆಯ ತುದಿಗೆ ನಾನು ಸುತ್ತಿಗೆಯಿಂದ ಬಾರಿಸಿದರೆ, ಅಲೆ ಮಣ್ಣಿನೊಳಗೆ ಎಷ್ಟು ವೇಗವಾಗಿ ಹೋಯ್ತು ಅಂತ ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತೆ. ಎರಡು ದಿನ ಬಂದಿದ್ದು ಬರೀ ಗೀಚು. ಠಾಣೆಯವರೆಲ್ಲ ಉಸಿರು ಬಿಗಿಹಿಡಿದು ಬೊಂಬೆಗಳ ಹಾಗೆ ನಿಂತರೂ ಅಷ್ಟೇ. "ನಾಳೆ ಗಂಟುಮೂಟೆ ಕಟ್ಟೋಣ" ಅಂದುಬಿಟ್ಟರು ನಮ್ಮ ಮೇಡಂ.

ಇವತ್ತು ಠಾಣೆಯ ಅಡುಗೆಯವರು ಮೆಲ್ಲಗೆ ಕೇಳಿದರು: "ಅಲ್ಲಮ್ಮಾ, ಹೊಡೆದ ತಕ್ಷಣ ಗೆರೆ ನೋಡೋಕೆ ದಡದಡ ಓಡ್ತೀಯಲ್ಲ, ಅದು ಯಂತ್ರಕ್ಕೆ ಗೊತ್ತಾಗಲ್ವಾ?"

ಹೊಡೆದು ಅಲ್ಲೇ ನಿಂತೆ. ಗೆರೆ ಎಷ್ಟು ಅಚ್ಚುಕಟ್ಟಾಗಿ ಬಂತು ಅಂತೀಯಾ! ಇಂಜಿನ್ನಿನ ಗಂಟೆ ಬಾರಿಸಿ ಎಲ್ಲರೂ ಕುಣಿದೆವು.

ಅಂಗೈಯ ಬೊಬ್ಬೆ ಒಣಗಿದೆ, ಊಟಕ್ಕೆ ತೊಂದರೆ ಇಲ್ಲ. "ಮೆತ್ತಗೆ ನಡಿಯೇ ಕುದುರೆ, ನೆಲ ಅದುರುತ್ತೆ" ಅಂತ ನೀನು ಬೈದಾಗೆಲ್ಲ ಸಾಕ್ಷಿ ಎಲ್ಲಿ ಅಂತ ಕೇಳ್ತಿದ್ದೆನಲ್ಲ? ಆ ಗೀಚಿನದೇ ನಲವತ್ತು ಹಾಳೆ ಇದೆ, ತರ್ತಿದ್ದೀನಿ.

ನಿನ್ನ ಕುದುರೆ